ಖಾಲಿ ಜಾಗವನ್ನೂ ತರಬೇಕಿತ್ತು

ಸಂಜೆ ಐದಕ್ಕೆ ನಾಟಕ ರೇಡಿಯೊದಲ್ಲಿ ಬಿತ್ತರವಾಗಬೇಕಿತ್ತು. ಹನ್ನೊಂದೂಕಾಲಿಗೆ ಸ್ಟುಡಿಯೊದ ಕಂಪ್ಯೂಟರಿನಲ್ಲಿ ಅದನ್ನು ತೆರೆದು ಕೇಳಿದಾಗ, ನಿರ್ದೇಶಕನ ತಂಗಿ ಬೇರೇನನ್ನೋ ತೆರೆದೆನೇನೋ ಎಂದು ಫೈಲಿನ ಹೆಸರನ್ನು ಮತ್ತೆ ಓದಿದಳು. ಎರಡು ತಿಂಗಳು ಮನೆಯಲ್ಲಿ ಕೂತು, ಒಂದೊಂದು ಉಸಿರನ್ನೂ ಅಳೆದು ಅವಳೇ ಎಡಿಟ್ ಮಾಡಿದ್ದ ನಾಟಕ ಅದು. ಮನೆಯ ಸಾಫ್ಟ್‌ವೇರ್ ಬೇರೆ, ಇಲ್ಲಿಯದು ಬೇರೆ. ಫೈಲೇನೋ ತೆರೆದುಕೊಂಡಿತು. ಆದರೆ ಮೆಲ್ಲಗೆ ಕರಗಬೇಕಾದ ದನಿಗಳು ತಟಕ್ಕನೆ ನಿಲ್ಲುತ್ತಿದ್ದವು. ಕೊನೆಯ ದೃಶ್ಯದಲ್ಲಂತೂ ಅಪ್ಪ, ಮಗಳು ಒಬ್ಬರ ಮೇಲೊಬ್ಬರು ಬಿದ್ದು ಮಾತಾಡುತ್ತಿದ್ದರು.

"ನಾಲ್ಕು ಸಲ ನೋಡಿದ್ದೆ ಅಂದ್ಯಲ್ಲೇ?" ಎಂದ ಅಣ್ಣ.

"ನಮ್ಮನೇಲಿ ಸರಿಯಾಗೇ ಇತ್ತಣ್ಣ."

"ಹಾಗಾದ್ರೆ ಕೇಳೋರನ್ನೆಲ್ಲ ನಿಮ್ಮನೆಗೇ ಕರೆಯೋಣ್ವಾ? ಮೂರರೊಳಗೆ ಸರಿಹೋಗ್ಲಿಲ್ಲ ಅಂದ್ರೆ ಕೊನೇ ದೃಶ್ಯ ಕಿತ್ತಾಕ್ತೀನಿ, ಅಷ್ಟೇ."

ಆ ದೃಶ್ಯ ಹೋದರೆ ನಾಟಕದಲ್ಲಿ ಉಳಿಯುವುದು ಬರೀ ಜಗಳ. ಅವಳ ಕಣ್ಣು ತುಂಬಿಬಂತು.

ಮಿಕ್ಸಿಂಗ್ ಮಾಡುವ ಹಿರಿಯ ಹೆಂಗಸನ್ನು ಸ್ಟುಡಿಯೊದವರೆಲ್ಲ ಕಿವಿಯಕ್ಕ ಎನ್ನುತ್ತಿದ್ದರು. ಅವರು ಹೆಡ್‌ಫೋನ್ ಕುತ್ತಿಗೆಗಿಳಿಸಿ ಅವಳತ್ತ ತಿರುಗಿದರು.

"ಅಳೋದು ಆಮೇಲಾಯ್ತು. ಪ್ರಾಜೆಕ್ಟ್ ಫೈಲಲ್ಲಿ ದನಿ ಎಲ್ಲಿ ಇಳಿಸ್ಬೇಕು, ಎಲ್ಲಿ ಕತ್ತರಿಸ್ಬೇಕು ಅನ್ನೋ ಟಿಪ್ಪಣಿ ಇರುತ್ತೆ. ಒಂದು ಸಾಫ್ಟ್‌ವೇರ್ ಬರೆದಿದ್ದು ಇನ್ನೊಂದಕ್ಕೆ ಓದೋಕೆ ಬರಲ್ಲ. ಮನೆಗೆ ಹೋಗಿ, ನಿನ್ನ ಎಡಿಟ್ ಎಲ್ಲ ಸೇರಿಸಿ, ಒಬ್ಬೊಬ್ಬರ ದನೀನೂ ಬೇರೆಬೇರೆ ಫೈಲ್ ಮಾಡಿ ತಗೊಂಬಾ. ನಾಟಕದ ಮೊದಲ ಸೆಕೆಂಡಿಂದ, ಇಡಿಯಾಗಿ."

ಎರಡು ಬೀದಿಯಾಚೆಯ ಮನೆಗೆ ಅವಳು ಓಡಿದಳು. ಒಂಬತ್ತು ಪಾತ್ರ, ಒಂಬತ್ತು ಫೈಲು. ಎರಡೂವರೆ ಗಂಟೆ ಹಿಡಿಯಿತು. ಕಪಾಟಿನ ಕಾಫಿ ಕಪ್ಪುಗಳ ಹಿಡಿಯೆಲ್ಲ ಒಂದೇ ಕಡೆ ತಿರುಗಿರಬೇಕೆನ್ನುವ ಜೀವ ಅವಳದು. ಬಾಯಿ ಬಿಡುವ ಮುಂಚೆ ಹತ್ತಿಪ್ಪತ್ತು ನಿಮಿಷ ಸುಮ್ಮನಿರುವ ಪಾತ್ರಗಳ ಫೈಲಿನ ಶುರುವಿನ ಖಾಲಿ ಜಾಗ ಕಣ್ಣಿಗೆ ಚುಚ್ಚಿತು. ಎಲ್ಲವನ್ನೂ ನೀಟಾಗಿ ಕತ್ತರಿಸಿ ತಂದಳು.

ಕಿವಿಯಕ್ಕ ಒಂಬತ್ತನ್ನೂ ಹಾಕಿದರು. ಒಂಬತ್ತು ಮಂದಿಯೂ ಒಟ್ಟಿಗೇ ಬಾಯಿ ತೆರೆದರು. ಮಗಳು ಮನೆ ಬಿಡುವ ಮೊದಲೇ ಪೋಸ್ಟ್‌ಮ್ಯಾನ್ ಅವಳ ಕಾಗದ ತಂದಿದ್ದ.

"ಅಯ್ಯೋ ತಾಯಿ!" ಕಿವಿಯಕ್ಕ ಹೊಟ್ಟೆ ಹಿಡಿದು ನಕ್ಕರು. "ಖಾಲಿ ಜಾಗ ಕಸ ಅಂದ್ಕೊಂಡ್ಯಾ? ಯಾರು ಯಾವಾಗ ಬರ್ಬೇಕು ಅಂತ ಹೇಳೋದೇ ಅದು."

ಮತ್ತೆ ಓಡಲು ಹೊತ್ತಿರಲಿಲ್ಲ. "ಕೂತ್ಕೋ," ಎಂದು ಕಿವಿಯಕ್ಕ ಕಣ್ಣು ಮುಚ್ಚಿದರು. ಎಲ್ಲರೂ ಒಂದೇ ಕೋಣೆಯಲ್ಲಿ ನಟಿಸಿದ್ದರಿಂದ ಒಬ್ಬರ ಮೈಕಿಗೆ ಇನ್ನೊಬ್ಬರ ಸದ್ದು ಒಂದಿಷ್ಟು ಅಂಟಿಕೊಂಡಿತ್ತು. ಅಪ್ಪನ ಮಾತಿನ ಹಿಂದೆ, ಇದೆಯೋ ಇಲ್ಲವೋ ಎಂಬಷ್ಟು ಸಣ್ಣಗೆ, ಒಂದು ಕುರ್ಚಿ ಕಿರುಗುಟ್ಟಿತು. ಅದೇ ಸದ್ದು ಮಗಳ ಮೈಕಿನಲ್ಲಿ ಜೋರಾಗಿತ್ತು. ಕಿವಿಯಕ್ಕ ಆ ಎರಡು ಸದ್ದನ್ನೂ ಒಂದರ ಮೇಲೊಂದು ಬರುವಂತೆ ಸರಿಸಿ ಕೂರಿಸಿದರು. ಎರಡು ದನಿಗಳೂ ತಮ್ಮತಮ್ಮ ಜಾಗಕ್ಕೆ ಬಂದವು. ಎರಡು ತಿಂಗಳು ಕೇಳಿದರೂ ಆ ಕುರ್ಚಿ ತಂಗಿಯ ಕಿವಿಗೆ ಬಿದ್ದಿರಲಿಲ್ಲ. ಕೆಮ್ಮು, ಕಾಗದದ ಸರಸರ, ಯಾರದೋ ಚಪ್ಪಲಿಯ ಸದ್ದು ಹಿಡಿದು ಉಳಿದವರನ್ನೂ ಅವರು ಒಬ್ಬೊಬ್ಬರನ್ನಾಗಿ ಒಳಗೆ ಕರೆದುಕೊಂಡರು.

ಮೂರಕ್ಕೆ ಅಣ್ಣ ಬಾಗಿಲು ತೆರೆದ. "ಏನು, ಕಿತ್ತಾಕೋದೇನಾ?"

ಕಿವಿಯಕ್ಕ ತಿರುಗದೆಯೇ ಕೈಯೆತ್ತಿದರು. ಕೊನೆಯ ದೃಶ್ಯ ನಡೆಯುತ್ತಿತ್ತು. ಅಪ್ಪ "ಊಟ ಆಯ್ತಾ?" ಎಂದ. ಮಗಳು ಸುಮ್ಮನಿದ್ದಳು, ಇರಬೇಕಾದಷ್ಟೇ ಹೊತ್ತು. ಅಣ್ಣ ದೃಶ್ಯ ಮುಗಿಯುವವರೆಗೂ ಬಾಗಿಲ ಹಿಡಿ ಬಿಡಲಿಲ್ಲ.

"ಇಡಿಯಾಗೇ ಹೋಗ್ಲಿ," ಎಂದ.

ತಂಗಿಗೆ ಅದು ಕೇಳಿಸಿತೋ ಇಲ್ಲವೋ. ಅವಳು ಕಿವಿಯಕ್ಕನ ಬೆರಳುಗಳನ್ನೇ ನೋಡುತ್ತಿದ್ದಳು.