ಎಂಬತ್ತಾರು ಮೀಟರ್ ಕೆಳಗೆ

ಪುಟ್ಟಲಿಂಗಯ್ಯನ ಮಚ್ಚಿಗೆ ಮೊದಲು ಸಿಕ್ಕಿದ್ದು ಗೂಟಕ್ಕೆ ಕಟ್ಟಿದ್ದ ಟಗರು. ಅದಕ್ಕೆ ಕೂಗಲು ಪುರುಸೊತ್ತಾಗಲಿಲ್ಲ. ಉಳಿದ ಹತ್ತು ಕುರಿಗಳು ಮಾತ್ರ ಕೂಗಿದವು. ರೊಪ್ಪದ ಬಾಗಿಲಿಗೆ ಅಡ್ಡ ಬಂದ ಬೀರಮ್ಮನನ್ನು ಪುಟ್ಟಲಿಂಗಯ್ಯನ ಭಾವಮೈದ ಬೋರಲಿಂಗಯ್ಯ ಕೂದಲು ಹಿಡಿದು ಎಳೆದು ತಿಪ್ಪೆಯ ಕಡೆ ನೂಕಿದ. ಆಕೆಗೆ ಎಪ್ಪತ್ತು ದಾಟಿತ್ತು, ಪುಟ್ಟಲಿಂಗಯ್ಯನಿಗೆ ಸ್ವಂತ ದೊಡ್ಡಮ್ಮ. ಬಿದ್ದ ಕಡೆಯಿಂದಲೇ ಆಕೆ ತನ್ನ ಮಗ ಅಂಥ ಕೆಲಸ ಮಾಡಿಲ್ಲವೆಂದು ಹೇಳುತ್ತಲೇ ಇದ್ದಳಂತೆ. ಕೇಳುವ ಕಿವಿ ಅಲ್ಲಿ ಯಾರಿಗೂ ಇರಲಿಲ್ಲ.

ಆ ಮಗ ಚಿಕ್ಕಬೀರಯ್ಯ, ನಲವತ್ತು ಕುರಿ ಹೊಡೆದುಕೊಂಡು ಬೆಳಿಗ್ಗೆಯೇ ಬೆಟ್ಟ ಹತ್ತಿದ್ದ. ಮಚ್ಚು ಹೊರಟಿದ್ದು ಅವನಿಗಾಗಿ. ಮನೆಯಲ್ಲಿ ಅವನು ಸಿಗದ ಸಿಟ್ಟು ಕುರಿಗಳ ಮೇಲೆ ಹೋಯಿತು.

ಇದು ಕೈಲಾಂಚದಾಚೆಯ ಬೆಟ್ಟದ ಬುಡದ ಒಂದು ಊರಿನಲ್ಲಿ ನಡೆದದ್ದು, ಎರಡು ಸಾವಿರದ ಇಪ್ಪತ್ತೆರಡರ ಆಷಾಢದಲ್ಲಿ. ಆ ವರ್ಷ ರೇಷ್ಮೆಗೂಡಿಗೆ ಯಾರೂ ಕಂಡಿರದ ರೇಟು. ರಾಗಿ ಹೊಲಗಳೆಲ್ಲ ಒಂದೊಂದಾಗಿ ಹಿಪ್ಪುನೇರಳೆ ತೋಟವಾದವು. ಪುಟ್ಟಲಿಂಗಯ್ಯನೂ ಇದ್ದಬದ್ದ ಕುರಿ ಮಾರಿ ಕಡ್ಡಿ ನೆಟ್ಟ. ಅವನ ದೊಡ್ಡಪ್ಪನ ಮಗ ಚಿಕ್ಕಬೀರಯ್ಯ ಮಾತ್ರ ಕುರಿ ಬಿಡಲಿಲ್ಲ. ಮೇಯಲು ಬದು ಉಳಿಯದಿದ್ದರೆ ಕುರಿ ತಾನೆ ಏನು ಮಾಡಬೇಕು, ತೋಟಕ್ಕೆ ಬಾಯಿ ಹಾಕುತ್ತಿತ್ತು. ಒಂದು ದಿನ ಪುಟ್ಟಲಿಂಗಯ್ಯ ದೊಣ್ಣೆಯಿಂದ ಒಂದು ಕುರಿಯ ಕಾಲು ಮುರಿದ. ಚಿಕ್ಕಬೀರಯ್ಯ ಅದನ್ನು ಹೆಗಲ ಮೇಲೆ ಹೊತ್ತು ಬಂದು, ಡೈರಿ ಮುಂದೆ ಹಾಲು ಹಾಕಲು ನಿಂತವರೆಲ್ಲ ಕೇಳುವ ಹಾಗೆ ಹೇಳಿದ: "ನಿನ್ನ ಹುಳನೂ ಹಿಂಗೇ ಒದ್ದಾಡ್ಕಂಡ್ ಸಾಯ್ಲಿ ಕಣ್ಲಾ."

ವಾರ ಕಳೆಯಲಿಲ್ಲ. ನಾಲ್ಕನೇ ಜ್ವರದ ಪೊರೆ ಬಿಟ್ಟು ಎದ್ದು ಆರು ದಿನವಾಗಿದ್ದ, ಇನ್ನೊಂದೆರಡು ದಿನಕ್ಕೆ ಹಣ್ಣಾಗಿ ಗೂಡು ಕಟ್ಟಬೇಕಿದ್ದ ಹುಳುಗಳು ಬೆಳಗಿನ ಸೊಪ್ಪು ತಿಂದವು, ತಲೆ ಎತ್ತಿ ಆ ಕಡೆ ಈ ಕಡೆ ತೂಗಿದವು, ಹಸಿರು ಕಕ್ಕಿಕೊಂಡು ತಿರುಚಿಕೊಂಡವು. ತಟ್ಟೆಗಳಿಂದ ನೆಲಕ್ಕೆ ಉದುರಿದವನ್ನು ಪುಟ್ಟಲಿಂಗಯ್ಯನ ಹೆಂಡತಿ ಲಕ್ಷ್ಮಿದೇವಮ್ಮ ಬೊಗಸೆಯಲ್ಲಿ ಎತ್ತಿ ಎತ್ತಿ ಮತ್ತೆ ತಟ್ಟೆಗೆ ಹಾಕುತ್ತಿದ್ದಳು. ಪಕ್ಕದ ಟೊಮೆಟೊಗೆ ಹಿಂದಿನ ದಿನ ಹೊಡೆದ ಔಷಧಿ ಗಾಳಿಗೆ ಹಾರಿ ಸೊಪ್ಪಿನ ಮೇಲೆ ಕೂತಿತ್ತೆಂದು ರೇಷ್ಮೆ ಇಲಾಖೆಯವರು ಹೇಳಿದ್ದು ನಾಲ್ಕು ದಿನದ ಮೇಲೆ. ಡೈರಿ ಮುಂದಿನ ಮಾತು ಕೇಳಿದ್ದವರಿಗೆ ಇದು ಚಿಕ್ಕಬೀರಯ್ಯನ ಕೆಲಸವೆನ್ನಲು ನಾಲ್ಕು ನಿಮಿಷವೂ ಬೇಕಾಗಲಿಲ್ಲ.

ಈಗ ಚಿಕ್ಕಬೀರಯ್ಯ ಬೇಕು. ಆ ಬೆಟ್ಟದಲ್ಲಿ ಒಬ್ಬ ಕುರಿಗಾರ ಕೂತುಬಿಟ್ಟರೆ ಮೂರು ದಿನ ಹುಡುಕಿದರೂ ಸಿಗುವುದಿಲ್ಲ. ಆಗ ಬೋರಲಿಂಗಯ್ಯನಿಗೆ ಒಂದು ಹೆಸರು ನೆನಪಾಯಿತು: ಸ್ಟುಡಿಯೋ ಮರಿಯಪ್ಪ.

ಮರಿಯಪ್ಪ ರಾಮನಗರದ ಬಸ್ ಸ್ಟ್ಯಾಂಡ್ ಹತ್ತಿರ ಮದುವೆ ವಿಡಿಯೋ ಮಾಡಿಕೊಂಡಿದ್ದವನು. ಕೊರೊನಾದಲ್ಲಿ ಮದುವೆಗಳೆಲ್ಲ ಮನೆಯೊಳಗೇ ಮುಗಿದು ಇವನಿಗೆ ಕೆಲಸ ಇಲ್ಲದಾದಾಗ, ಮೊಬೈಲಿನಲ್ಲಿ ಪಾಠ ನೋಡಿ ನೋಡಿ ಕಂಪ್ಯೂಟರಿನೊಳಗೆ ಬೆಟ್ಟ ಕಟ್ಟುವುದನ್ನು ಕಲಿತ. ಚಿತ್ರವಲ್ಲ, ಬೆಟ್ಟವೇ. ಸುತ್ತ ತಿರುಗಿಸಬಹುದು, ಹದ್ದಿನ ಹಾಗೆ ಮೇಲಿಂದ ಇಳಿಯಬಹುದು. ಸುತ್ತಮುತ್ತ ಇಷ್ಟೊಂದು ಬೆಟ್ಟ ಇರುವಾಗ ಇನ್ನೊಂದನ್ನು ಯಾಕೆ ಮಾಡ್ತೀರಿ ಎಂದು ಅವನ ಹೆಂಡತಿ ನಾಗಲಕ್ಷ್ಮಮ್ಮ ಕೇಳುತ್ತಿದ್ದಳು. ನಗುತ್ತಲೇ ಕೇಳುತ್ತಿದ್ದಳು, ಆದರೆ ನಿಜವಾಗಿಯೂ ಕೇಳುತ್ತಿದ್ದಳು.

ಬೆಟ್ಟ ಬಂದಮೇಲೆ ಅದರ ಮೇಲೆ ಒಂದೊಂದನ್ನೇ ಇಡುವ ಆಸೆ. ಬೀರದೇವರ ಗುಡಿ, ಕಲ್ಯಾಣಿ, ದೊಡ್ಡ ಆಲದಮರ. ಪ್ರತಿ ಜಾಗಕ್ಕೂ ಹೋಗಿ ನಿಂತು ಮೊಬೈಲು ಕೊಡುವ ಅಕ್ಷಾಂಶ, ರೇಖಾಂಶ, ಎತ್ತರ ಮೂರನ್ನೂ ಬರೆದು ತರುತ್ತಿದ್ದ. ಮೊದಲ ದಿನ ಅಕ್ಷಾಂಶದ ಜಾಗಕ್ಕೆ ರೇಖಾಂಶ ಬರೆದು ಬೀರದೇವರ ಗುಡಿಯನ್ನು ಉತ್ತರ ಧ್ರುವದ ಹತ್ತಿರದ ಹಿಮದ ಸಮುದ್ರಕ್ಕೆ ಕಳಿಸಿಬಿಟ್ಟಿದ್ದ. ಅದನ್ನು ಸರಿಮಾಡಿದರೆ ಗುಡಿ ಊರಿಗೆ ಬಂತು, ಆದರೆ ಅಡ್ಡಡ್ಡ ಬಿದ್ದುಕೊಂಡು ಬಂತು. ಭೂಮಿ ಗುಂಡಗಿದೆ, ಒಂದೊಂದು ಊರಿಗೆ ಮೇಲೆ ಎನ್ನುವ ದಿಕ್ಕು ಒಂದೊಂದು, ಆ ಊರಿನ ಮೇಲಕ್ಕೆ ಸರಿಯಾಗಿ ಅದನ್ನು ಎತ್ತಿ ನಿಲ್ಲಿಸಬೇಕು ಎಂದು ತಿಳಿಯಲು ಎರಡು ವಾರ ಹಿಡಿಯಿತು. ಇದನ್ನೆಲ್ಲ ಅವನು ಟೀ ಅಂಗಡಿಯಲ್ಲಿ ಹೇಳಿ ಹೇಳಿ ಎಲ್ಲರಿಗೂ ಬಾಯಿಪಾಠವಾಗಿತ್ತು.

ಕೊನೆಗೆ ಕುರಿ. ಚಿಕ್ಕಬೀರಯ್ಯ ಇವನ ಹಳೇ ಗೆಳೆಯ. ಅವನ ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಟ್ಟ. ಐದು ನಿಮಿಷಕ್ಕೊಮ್ಮೆ ಅವನಿರುವ ಜಾಗ ಇಲ್ಲಿಗೆ ಬರುತ್ತಿತ್ತು, ಕಂಪ್ಯೂಟರಿನ ಬೆಟ್ಟದ ಮೇಲೆ ಒಂದು ಬಿಳಿ ಕುರಿ ಅಷ್ಟಷ್ಟೇ ಮುಂದೆ ಹೋಗುತ್ತಿತ್ತು. ನೋಡ್ರಪ್ಪ, ಇಲ್ಲಿ ಕೂತೇ ನಮ್ಮ ಬೀರಣ್ಣ ಎಲ್ಲವನೆ ಅಂತ ಹೇಳ್ತೀನಿ ಎಂದು ಬಂದವರಿಗೆಲ್ಲ ತೋರಿಸುತ್ತಿದ್ದ. ಬೋರಲಿಂಗಯ್ಯನಿಗೂ ಎರಡು ಸಲ ತೋರಿಸಿದ್ದ.

ಹತ್ತೂವರೆಗೆ ಎರಡು ಬೈಕಿನಲ್ಲಿ ನಾಲ್ವರು ಬಂದರು. ಪುಟ್ಟಲಿಂಗಯ್ಯನ ಅಂಗಿ ಎದೆಯವರೆಗೆ ಒದ್ದೆ. ಮಳೆಯಲ್ಲಿ ನೆಂದು ಬಂದಿದ್ದಾನೆ ಎಂದುಕೊಂಡು ಮರಿಯಪ್ಪ ಟವೆಲ್ ತೆಗೆಯಲು ಎದ್ದ. ಆಗ ಮುಂದೋಳಿಗೆ ಮೆತ್ತಿದ್ದ ಉಣ್ಣೆ ಕಾಣಿಸಿತು.

ಬೋರಲಿಂಗಯ್ಯ ಮಾತಿಗೆ ಮೊದಲೇ ಗೋಡೆಯ ಕ್ಯಾಮೆರಾ ಕಿತ್ತು ನೆಲಕ್ಕೆ ಬಡಿದ. ಇನ್ನೊಬ್ಬ ಮರಿಯಪ್ಪನ ಕತ್ತು ಹಿಡಿದು ಕುರ್ಚಿಗೆ ಒತ್ತಿದ. ಪುಟ್ಟಲಿಂಗಯ್ಯ ಮಚ್ಚನ್ನು ಟೇಬಲ್ ಮೇಲೆ ಇಟ್ಟ, ಮೆಲ್ಲಗೆ, ತರಕಾರಿ ಚೀಲ ಇಡುವ ಹಾಗೆ.

"ತೋರ್ಸು, ಮರಿಯಪ್ಪಣ್ಣ."

"ಏನನ್ನ ತೋರ್ಸ್ಲಿ?"

"ನಿನ್ನ ಗೆಳೆಯನ್ನ. ಇಲ್ಲ ಅಂದ್ರೆ ಆ ಬೆರಳು ಇಲ್ಲೇ ಬುಟ್ಟೋಯ್ತವೆ."

ಕಂಪ್ಯೂಟರಿನ ಪರದೆ ಇನ್ನೂ ಇವನ ಕಡೆಗೇ ತಿರುಗಿತ್ತು. ಒಸಿ ತಾಳು, ಲೋಡ್ ಆಯ್ತಾ ಐತೆ ಎಂದ. ಲೋಡ್ ಆಗಿತ್ತು. ಬಿಳಿ ಕುರಿ ಹದ್ದಿನಬಂಡೆಯ ತುತ್ತತುದಿಯಲ್ಲಿ ನಿಂತಿತ್ತು. ಚಿಕ್ಕಬೀರಯ್ಯ ದಿನಾ ಬುತ್ತಿ ಬಿಚ್ಚುವ ಜಾಗ ಅದು. ಅಲ್ಲಿಗೆ ಹಿಂದಿನಿಂದ ಒಂದೇ ದಾರಿ, ಮಿಕ್ಕ ಮೂರು ಕಡೆ ಪಾತಾಳ. ಇವರು ಆ ದಾರಿ ಹಿಡಿದರೆ ಅವನು ಓಡಲು ಗಾಳಿಯೊಂದೇ ಉಳಿಯುತ್ತದೆ.

ಕಾಣುತ್ತಿಲ್ಲ ಎನ್ನುವಂತಿಲ್ಲ, ಬೋರಲಿಂಗಯ್ಯ ಕಂಡವನು. ಆಗ ಮರಿಯಪ್ಪನಿಗೆ ಹೊಳೆದದ್ದು ಎಂಬತ್ತಾರು.

ಕುರಿ ಮೊದಲ ಬಾರಿಗೆ ಬಂದಾಗ ಕಾಣಿಸಿಯೇ ಇರಲಿಲ್ಲ. ಹುಡುಕಿದರೆ ಬೆಟ್ಟದ ಹೊಟ್ಟೆಯೊಳಗೆ ಸಿಕ್ಕಿತ್ತು. ಮೊಬೈಲು ಎತ್ತರ ಎಣಿಸುವುದು ಲೆಕ್ಕಕ್ಕೆಂದು ಕಲ್ಪಿಸಿಕೊಂಡ ಒಂದು ನುಣುಪಾದ ಭೂಮಿಯ ಮೇಲಿಂದ, ಬೆಟ್ಟದ ನಕ್ಷೆ ಎಣಿಸುವುದು ಸಮುದ್ರಮಟ್ಟದಿಂದ. ಎರಡಕ್ಕೂ ಎಷ್ಟೋ ದೇಶಗಳಲ್ಲಿ ಸ್ವಲ್ಪವೇ ವ್ಯತ್ಯಾಸ. ನಮ್ಮ ಕಡೆ ಹೆಚ್ಚು ಕಡಿಮೆ ಎಂಬತ್ತಾರು ಮೀಟರ್. ಅಷ್ಟನ್ನು ಕೂಡಿಸುವ ಒಂದೇ ಒಂದು ಸಾಲು ಬರೆದ ಮೇಲೆ ಕುರಿ ನೆಲದ ಮೇಲೆ ಬಂದು ನಿಂತಿತ್ತು. ಹದ್ದಿನಬಂಡೆಯ ಎತ್ತರವೂ ಹೆಚ್ಚು ಕಡಿಮೆ ಅಷ್ಟೇ. ಅದರ ನೆತ್ತಿ ಮುಂದಕ್ಕೆ ಚಾಚಿದೆ, ತುದಿಯಿಂದ ನೇರ ಕೆಳಗೆ ಬಯಲು.

ಆ ಸಾಲಿನ ಮುಂದೆ ಎರಡು ಓರೆ ಗೆರೆ ಹಾಕಿದ. ಹಾಗೆ ಹಾಕಿದರೆ ಕಂಪ್ಯೂಟರು ಆ ಸಾಲನ್ನು ಓದುವುದಿಲ್ಲ. ಬಿಳಿ ಕುರಿ ಕಲ್ಲಿನ ಹಾಗೆ ನೇರ ಬಿತ್ತು, ಬಂಡೆಯ ಬುಡದಲ್ಲಿ ನಿಂತಿತು. ಪರದೆಯನ್ನು ಅವರ ಕಡೆ ತಿರುಗಿಸಿದ.

"ಬುಡದಲ್ಲವ್ನೆ."

ಬೋರಲಿಂಗಯ್ಯ ಬಗ್ಗಿ ನೋಡಿದ. "ಮೊನ್ನೆ ಮೇಲಿದ್ದ ಅಂದಿದ್ದೆ."

"ಮೊನ್ನೆ ಮೇಲಿದ್ದ. ಇವತ್ತು ಕುರಿ ನೀರಿಗೆ ಇಳ್ಸವ್ನೆ."

ಪುಟ್ಟಲಿಂಗಯ್ಯ ಮಚ್ಚಿನ ಹಿಂಬದಿಯಿಂದ ಪರದೆಗೆ ಒಂದು ಕೊಟ್ಟ. ಮರಿಯಪ್ಪನ ಮೊಬೈಲು ಕಿತ್ತು ಜೇಬಿಗೆ ಹಾಕಿಕೊಂಡು, ಹೊರಗಿನಿಂದ ಷಟರ್ ಎಳೆದು ಹೋದರು. ಒಳಗೆ ಇವನು ಕೈ ನೋಡಿಕೊಂಡ. ಹತ್ತು ಬೆರಳೂ ಇದ್ದವು. ಸುಳ್ಳು ಹೇಳಬೇಕಾದರೂ ಭೂಗೋಳ ಗೊತ್ತಿರಬೇಕು ನೋಡು ಎಂದು, ಹೇಳಲು ಯಾರೂ ಇಲ್ಲದೆ, ತನಗೇ ಹೇಳಿಕೊಂಡ.

ಇವನು ಒಳಗಿನಿಂದ ಷಟರ್ ಬಡಿದ ಸದ್ದಿಗೆ ಪಕ್ಕದ ಬೈಂಡಿಂಗ್ ಅಂಗಡಿಯ ಫಕ್ರುದ್ದೀನ್ ಬಂದು ತೆಗೆಯುವಷ್ಟರಲ್ಲಿ ಕಾಲು ಗಂಟೆಯಾಗಿತ್ತು. ಅವನ ಫೋನಿನಿಂದ ಮರಿಯಪ್ಪ ಮೊದಲು ಪೊಲೀಸರಿಗೆ ಮಾಡಿದ, ಆಮೇಲೆ ಚಿಕ್ಕಬೀರಯ್ಯನಿಗೆ. ಕುರಿ ಅಲ್ಲೇ ಬಿಟ್ಟು ಹಿಂದಿನ ದಾರಿಯಲ್ಲಿ ಇಳಿದು ಕನಕಪುರದ ರಸ್ತೆ ಸೇರು, ಕೆಳಗೆ ಇಣುಕಬೇಡ ಎಂದ. ಚಿಕ್ಕಬೀರಯ್ಯ ಇಣುಕಿದನಂತೆ. ಕೆಳಗೆ ಯಾರನ್ನೋ ಹೊಡೆಯುತ್ತಿದ್ದಾರೆ ಎಂದ.

ಬುಡದಲ್ಲಿ ಊರಿನ ನೀರುಗಂಟಿ ಅಂಕಯ್ಯ ಇದ್ದ. ಅರವತ್ತು ವರ್ಷದ ಮನುಷ್ಯ. ದಿನಾ ಹನ್ನೊಂದಕ್ಕೆ ಬಂದು ಬೋರ್‌ವೆಲ್ಲಿನ ವಾಲ್ವ್ ತಿರುಗಿಸುವುದು ಅವನ ಕೆಲಸ. ಸೋನೆ ಹಿಡಿದಿದ್ದರಿಂದ ಕಂಬಳಿ ಕೊಪ್ಪೆ ಹಾಕಿಕೊಂಡು, ಬೆನ್ನು ಮಾಡಿ, ಕುಕ್ಕರಗಾಲಲ್ಲಿ ಕೂತಿದ್ದ. ಹಿಂದಿನಿಂದ ನೋಡಿದರೆ ಕುರಿ ಕಾಯುವವನೇ. ಮೊದಲ ದೊಣ್ಣೆ ಬೆನ್ನಿಗೆ ಬಿತ್ತು. ಎರಡನೆಯದು ಮೊಣಕಾಲಿನ ಕೆಳಗೆ, ಮುರಿದ ಸದ್ದು ತನಗೇ ಕೇಳಿಸಿತೆಂದು ಅವನು ಆಮೇಲೆ ಹೇಳಿದ. ಕಂಬಳಿ ಮುಖಕ್ಕೆ ಸುತ್ತಿಕೊಂಡಿತ್ತು, ಒಳಗಿನಿಂದ ಕೂಗಿದ್ದು ಯಾರ ದನಿಯೆಂದು ತಿಳಿಯುವಂತಿರಲಿಲ್ಲ. ಪುಟ್ಟಲಿಂಗಯ್ಯನ ಮಚ್ಚು ಭುಜಕ್ಕೆ ಬಿತ್ತು. ದಪ್ಪ ಕಂಬಳಿ ಅರ್ಧ ತಡೆಯಿತು, ಇನ್ನರ್ಧ ಮೂಳೆಗೆ ಹೋಯಿತು. ಇನ್ನೊಂದು ಏಟಿಗೆ ಮಚ್ಚು ಎತ್ತಿದಾಗ ಕಂಬಳಿ ಸರಿದು ನರೆತ ಗಡ್ಡ ಕಂಡಿತು.

"ಇವ್ನು ನೀರುಗಂಟಿ ಅಂಕಯ್ಯ ಕಣ್ಲಾ," ಅಂದ ಬೋರಲಿಂಗಯ್ಯ.

ಪುಟ್ಟಲಿಂಗಯ್ಯ ಮಚ್ಚು ಬಿಟ್ಟು ಅಲ್ಲೇ ಕೆಸರಿನಲ್ಲಿ ಕೂತ. ಮಿಕ್ಕವರು ಓಡಿದರು. ಪೊಲೀಸರು ಬಂದಾಗ ಅವನು ತನ್ನ ಪಂಚೆ ಹರಿದು ಅಂಕಯ್ಯನ ಭುಜಕ್ಕೆ ಒತ್ತಿ ಹಿಡಿದಿದ್ದನಂತೆ.

ಮೂರನೇ ದಿನ ಮರಿಯಪ್ಪ ಆಸ್ಪತ್ರೆಗೆ ಹೋದ. ಊರಿನಲ್ಲಿ ಎಲ್ಲರೂ ಅವನನ್ನು ಹೊಗಳುತ್ತಿದ್ದರು, ಚಿಕ್ಕಬೀರಯ್ಯನ ಜೀವ ಉಳಿಸಿದ ಬುದ್ಧಿವಂತ ಎಂದು. ಬೀರಮ್ಮ ಬಂದು ಕೈ ಮುಗಿದು ಹೋಗಿದ್ದಳು. ಅಂಕಯ್ಯನಿಗೆ ಮಾತ್ರ ತಾನು ಯಾಕೆ ಏಟು ತಿಂದೆ ಎನ್ನುವುದು ಇನ್ನೂ ತಿಳಿದಿರಲಿಲ್ಲ. ಮರಿಯಪ್ಪ ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತು ಎಲ್ಲ ಹೇಳಿದ. ಎಂಬತ್ತಾರನ್ನೂ ಹೇಳಿದ, ಎರಡು ಓರೆ ಗೆರೆಯನ್ನೂ ಹೇಳಿದ. ಯಾವತ್ತೂ ಇಷ್ಟು ಕಡಿಮೆ ಮಾತಿನಲ್ಲಿ ಅವನು ಏನನ್ನೂ ಹೇಳಿರಲಿಲ್ಲ.

ಅಂಕಯ್ಯ ಅವನ ಕಡೆ ತಲೆ ತಿರುಗಿಸಿದ.

"ಅಲ್ಲಿ ನಾನು ದಿನಾ ಇರ್ತೀನಿ ಅಂತ ಗೊತ್ತಿರ್ಲಿಲ್ವಾ ನಿಂಗೆ?"

"ಗೊತ್ತಿತ್ತು, ಅಂಕಯ್ಯಣ್ಣ. ಆ ಗಳಿಗೇಲಿ ನೆನಪಾಗ್ಲಿಲ್ಲ. ಬೆಟ್ಟದ ಮೇಲೆ ಎಲ್ಲಾ ಇಟ್ಟಿದ್ದೆ, ನಿನ್ನ ಇಟ್ಟಿರ್ಲಿಲ್ಲ."

"ಹತ್ರ ಬಾ."

ಮರಿಯಪ್ಪ ಬಗ್ಗಿದ. ಅಂಕಯ್ಯನ ಸರಿ ಇದ್ದ ಕೈ ಬೀಸಿ ಕೆನ್ನೆಗೆ ಬಿತ್ತು. ಪಕ್ಕದ ಮಂಚದವರು ತಿರುಗಿ ನೋಡಿದರು. ನರ್ಸ್ ಓಡಿ ಬಂದಳು. ಮರಿಯಪ್ಪ ಇನ್ನೊಂದು ಬರುತ್ತದೆಂದು ಬಗ್ಗಿಯೇ ಇದ್ದ, ಬರಲಿಲ್ಲ.

"ಬೀರ ಬದುಕವ್ನಾ?"

"ಅವ್ನೆ. ಕನಕಪುರದಲ್ಲಿ ತಂಗಿ ಮನೇಲವ್ನೆ."

"ಸರಿ ಹಂಗಾದ್ರೆ." ಅಂಕಯ್ಯ ಕಣ್ಣು ಮುಚ್ಚಿದ. "ಟೇಸನ್‌ನಾಗೆ ನಂಗೆ ಹೇಳ್ದಂಗೇ ಹೇಳು. ಅವ್ರು ನಾಕೇ ಹೆಸರು ಬರ್ಕಂಡವ್ರೆ."

ಮರಿಯಪ್ಪ ಅಲ್ಲಿಂದ ನೇರ ಠಾಣೆಗೆ ನಡೆದ. ಬರೆದುಕೊಳ್ಳುವ ಪೇದೆ ಅವನ ಕೆನ್ನೆಯ ಮೇಲಿನ ಬೆರಳ ಗುರುತು ನೋಡಿ, ಯಾರು ಹೊಡೆದರು, ಅದರ ಬಗ್ಗೆ ದೂರೇ ಎಂದು ಕೇಳಿದ. ಇದು ಹಾಗಿರಲಿ ಸಾರ್, ಅಂಕಯ್ಯನ ಕೇಸಿಗೆ ಇನ್ನೊಂದು ಹೆಸರು ಸೇರಿಸಬೇಕು ಎಂದ ಮರಿಯಪ್ಪ.

"ನೀನೂ ಹೊಡ್ದ್ಯಾ?"

"ಇಲ್ಲ ಸಾರ್. ಜಾಗ ತೋರ್ಸಿದ್ದು ನಾನು."