ಕೆರೆಯ ಮೀನಿನ ಲೆಕ್ಕ

ಕೆಂಪು ಸಾಲುಗಳು ಇರುವೆಗಳ ಹಾಗೆ ಕಂಪ್ಯೂಟರಿನ ಪರದೆ ಹತ್ತುತ್ತಿವೆ, ಹತ್ತಿ ಹತ್ತಿ ನಿಂತವು, ಈ ಆವೃತ್ತಿ ಹೊಂದುವುದಿಲ್ಲ ಎಂದವು, ಇದು ಇಪ್ಪತ್ಮೂರನೆಯ ಸಲ — ಫ್ಯಾನಿನ ಗಾಳಿಗೆ ಅಕ್ಕನ ನೋಟುಪುಸ್ತಕದ ಹಾಳೆ ಎದ್ದೆದ್ದು ಬೀಳುತ್ತಿದೆ, ಅದರಲ್ಲಿ ಲೆಕ್ಕಕ್ಕೆ ಬೇಕಾದ ಹದಿನಾಲ್ಕು ಪ್ಯಾಕೇಜುಗಳ ಹೆಸರಿದೆ, ಒಂದರ ಮುಂದೆಯೂ ಆವೃತ್ತಿಯ ಸಂಖ್ಯೆ ಇಲ್ಲ, ಒಂದೊಂದು ಮೀನಿನ ಉದ್ದವನ್ನೂ ಮಿಲಿಮೀಟರಿನಲ್ಲಿ ಬರೆದಿಡುತ್ತಿದ್ದವಳು ಇದನ್ನು ಮಾತ್ರ ತಲೆಯಲ್ಲೇ ಇಟ್ಟುಕೊಂಡು ಹೊರಟುಹೋದಳು, ಜ್ವರದ ಒಂಬತ್ತನೆಯ ದಿನ, ಯಾರಿಗೂ ಏನೂ ಹೇಳದೆ. ಯಾರೋ ಎಲ್ಲೋ ಬರೆದ ತುಂಡುಗಳು ಕಣೇ ಇವೆಲ್ಲ, ನಾನು ಜೋಡಿಸ್ಕೊಂಡಿದೀನಿ ಅಷ್ಟೆ, ಅಕ್ಕ ಅನ್ನುತ್ತಿದ್ದಳು, ಒಂದನ್ನ ಕರೆದ್ರೆ ಅದು ತನ್ನ ಸೋದರತ್ತೇನೂ ಕರ್ಕೊಂಡು ಬರುತ್ತೆ, ಅತ್ತೆಗೆ ಹೊಸ ಸೊಸೆ ಆಗಲ್ಲ — ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟು, ಅಕ್ಕನ ಪ್ರಯೋಗಾಲಯದಲ್ಲಿ ನೆಲ ಒರೆಸಿ ಗಾಜು ತೊಳೆಯುತ್ತಿದ್ದ ತಂಗಿಗೆ ಅದು ಹೀಗೆ ಹೇಳಿದರೇ ಅರ್ಥವಾಗುತ್ತಿತ್ತು. ಬಾಗಿಲಲ್ಲಿ ನಿಂತು ನೋಡುತ್ತಾ ನೋಡುತ್ತಾ ಕಲಿತದ್ದು ಇದೆಲ್ಲ, ಕಾಣುತ್ತಿದ್ದದ್ದು ಅಕ್ಕನ ಬೆನ್ನು, ಗಂಟು ಹಾಕಿದ ಕೂದಲಿಗೆ ಸಿಕ್ಕಿಸಿದ ಪೆನ್ಸಿಲು, ಅದರಾಚೆ ಪರದೆ.

ಹನ್ನೊಂದು ವರ್ಷ, ಅಕ್ಕ ಬರೆದದ್ದು, ಇನ್ನು ಹನ್ನೊಂದು ವರ್ಷಕ್ಕೆ ಕೆರೆಯಲ್ಲಿ ಮೀನು ಮುಗಿಯುತ್ತದೆ. ಅಕ್ಕನ ಲೆಕ್ಕದ ಪರೀಕ್ಷೆಗೆ ಬಂದ ಮೂವರು ಗುರುವಾರ ಅದೇ ಕಂಪ್ಯೂಟರಿನಲ್ಲಿ ಅದೇ ಲೆಕ್ಕ ಓಡಿಸಿದರು, ಇಪ್ಪತ್ತಾರು ಬಂತು. ಏನಮ್ಮ ಇದು, ನಿಮ್ಮ ಹನ್ನೊಂದು ಒಂದು ರಾತ್ರೀಲಿ ಇಪ್ಪತ್ತಾರಾಯ್ತಾ, ಮೀನು ಮರಿ ಹಾಕಿತಾ, ಒಬ್ಬರು ನಕ್ಕರು, ಅಕ್ಕ ನಗಲಿಲ್ಲ. ಮರುದಿನ ಹನ್ನೊಂದು ಗಂಟೆಗೆ ನಿರ್ದೇಶಕರು ಕರೆದು ಕೇಳಿದ್ದು ಒಂದೇ ಮಾತು, ಈ ಕಂಪ್ಯೂಟರ್‌ನ ನೀವಲ್ಲದೆ ಬೇರೆ ಯಾರಾದ್ರೂ ಮುಟ್ತಾರಾ. ಇಲ್ಲ ಸರ್. ಹಾಗಾದ್ರೆ ಮೊದಲಿನ ಸಂಖ್ಯೆ ನೀವೇ ಕೂರಿಸಿದ್ದು ಅಂತ ಆಯ್ತಲ್ಲ. ಅಕ್ಕ ಸಂಜೆ ಕೆಲಸ ಬಿಟ್ಟು ಬಂದಳು, ಸುಳ್ಳು ಲೆಕ್ಕದವಳು ಎಂಬ ಹೆಸರು ಹೊತ್ತು ಏಳು ತಿಂಗಳು ಈ ಮನೆಯೊಳಗೆ ಓಡಾಡಿದಳು. ಈಗ ಅವಳಿಲ್ಲ, ಹೆಸರಿದೆ. ಹಳೇ ಡಬ್ಬ, ಬೇಕಿದ್ರೆ ತಗೊಂಡು ಹೋಗು ಎಂದು ಪ್ರಯೋಗಾಲಯದವರೇ ಕೊಟ್ಟ ಕಂಪ್ಯೂಟರು ಮೇಜಿನ ಮೇಲಿದೆ, ಹಳೆಯ ಆವೃತ್ತಿಗಳನ್ನು ಹಾಕಿದಾಗ ಇದರಲ್ಲಿ ಮತ್ತೆ ಹನ್ನೊಂದು ಬಂದರೆ ಆ ಹೆಸರು ಅಳಿಸಬಹುದು, ಬರಲೇಬೇಕು.

ಬಟ್ಟೆ ಮಡಚುತ್ತಾ ಕೂತ ಅಮ್ಮ ಕೇಳುತ್ತಾಳೆ, ಇವತ್ತಾದ್ರೂ ಬರುತ್ತೇನೇ. ನೋಡ್ತಿದೀನಮ್ಮ. ಹೆಸರು ಬದಲಾಯಿಸಿಕೊಂಡ ಪ್ಯಾಕೇಜೊಂದು ಸಿಕ್ಕಿತು, ಅಳಿಯ ಅಲ್ಲ ಮಗಳ ಗಂಡ, ಅದನ್ನು ಇಟ್ಟದ್ದಾಯಿತು, ಆದರೂ ಇಪ್ಪತ್ತಾರು, ಕತ್ತಲಲ್ಲಿ ಕಲ್ಲು ಹೊಡೆದಂತೆ ಇನ್ನೆಷ್ಟು ದಿನ — ಅಲ್ಲ, ಏನನ್ನು ಹಾಕಿದರೂ ತೆಗೆದರೂ ಕಂಪ್ಯೂಟರು ತಾನೇ ಬರೆದಿಡುತ್ತದಲ್ಲ, ಆ ದಾಖಲೆಯಲ್ಲಿ ಹಳೆಯ ಸಂಖ್ಯೆ ಇದ್ದೇ ಇರಬೇಕು, ಇಷ್ಟು ದಿನ ಯಾಕೆ ಹೊಳೆಯಲಿಲ್ಲ, ತೆರೆದಳು, ಕೆಳಕ್ಕೆ ಕೆಳಕ್ಕೆ ಸರಿಸಿದಳು, ಪರೀಕ್ಷೆಯ ಹಿಂದಿನ ದಿನ, ಬುಧವಾರ ನಾಲ್ಕು ಹತ್ತು, ಕೋಷ್ಟಕ ಓದುವ ಪ್ಯಾಕೇಜು, ಹಳೆಯದು ತೆಗೆದು ಹೊಸದು ಹಾಕಲಾಗಿದೆ, ಹಾಕಿದವರು ಪುಟ್ಟಿ.

ಪುಟ್ಟಿ ಅಂದರೆ ಅವಳೇ, ಈಗ ಪರದೆಯ ಮುಂದೆ ಕೂತವಳು. ನೀನೂ ಅಂಕಿ ತುಂಬಿಸು, ಯಾರಿಗೂ ಹೇಳ್ಬೇಡ, ಹೊರಗಿನವರಿಗೆ ಕೊಡೋ ಹಾಗಿಲ್ಲ ಎಂದು ಅಕ್ಕ ಕಂಪ್ಯೂಟರಿನಲ್ಲಿ ಗುಟ್ಟಾಗಿ ಮಾಡಿಕೊಟ್ಟ ಹೆಸರು. ಬುಧವಾರ ಅಕ್ಕ ಊಟಕ್ಕೂ ಏಳದೆ ದಣಿದಿದ್ದಳು, ಬೇರೆ ಕೋಣೆಗೆ ಹೋಗಿದ್ದಳು, ಹೊಸದು ಬಂದಿದೆ ಹಾಕಲೇ ಎಂದು ಪರದೆ ಕೇಳಿತು, ನಾಳೆ ದೊಡ್ಡವರು ಬರುತ್ತಾರೆ, ಎಲ್ಲ ಹೊಸದಾಗಿರಲಿ, ಗಾಜು ತೊಳೆದಿಟ್ಟ ಹಾಗೆ ಇದೂ ಒಂದು ಕೆಲಸ ಎಂದು ಪುಟ್ಟಿ ಹೂಂ ಒತ್ತಿದ್ದಳು, ಒತ್ತಿ ಮರೆತಿದ್ದಳು. ಬಲೆ ಖಾಲಿ ಬಂದ ದಿನ ಅಕ್ಕ ಕೋಷ್ಟಕದಲ್ಲಿ ಆ ದಿನದ ಚೌಕವನ್ನು ಖಾಲಿ ಬಿಡುತ್ತಿದ್ದಳು, ಹಳೆಯದು ಅದನ್ನು ಸೊನ್ನೆ ಎಂದು ಓದುತ್ತಿತ್ತು, ಹೊಸದು ಹಿಂದಿನ ದಿನದ ಮೀನನ್ನೇ ತಂದು ತುಂಬುತ್ತಿತ್ತು, ಇಲ್ಲದ ಮೀನು, ಹದಿನೈದು ವರ್ಷಕ್ಕಾಗುವಷ್ಟು ಇಲ್ಲದ ಮೀನು. ದಾಖಲೆಯಲ್ಲಿದ್ದ ಹಳೆಯ ಸಂಖ್ಯೆ ಬರೆದಳು, ಕೆಂಪು ಬರಲಿಲ್ಲ, ಓಡಿಸಿದಳು, ಹನ್ನೊಂದು. ಇನ್ನೊಮ್ಮೆ, ಹನ್ನೊಂದು.

ಅಕ್ಕನಿಗೆ ಇದು ತಿಳಿಯದೆ ಹೋಯಿತಲ್ಲ, ತಿಳಿದಿದ್ದರೆ ನಿರ್ದೇಶಕರಿಗೆ ಹೇಳಬಹುದಿತ್ತಲ್ಲ ಎಂದುಕೊಳ್ಳುತ್ತಲೇ ಅಕ್ಕ ಒತ್ತಿದ ಆಜ್ಞೆಗಳ ಪಟ್ಟಿಯನ್ನು ತೆರೆದಳು, ಕೊನೆಯದು ಶುಕ್ರವಾರ ಒಂಬತ್ತು ಐದು, ಇದೇ ದಾಖಲೆಯನ್ನು ತೆರೆದು ಓದಿದ್ದು, ಅದರ ಕೆಳಗೆ ಏನೂ ಇಲ್ಲ. ನಿರ್ದೇಶಕರು ಕರೆಯುವುದಕ್ಕೆ ಎರಡು ಗಂಟೆ ಮುಂಚೆ. ಇಲ್ಲ ಸರ್. ಬೇರೆ ಯಾರೂ ಮುಟ್ಟೋದಿಲ್ಲ. ಏಳು ತಿಂಗಳು ಒಂದೇ ಹಾಸಿಗೆಯಲ್ಲಿ ಮಲಗಿ, ಒಂದು ದಿನ, ಒಂದು ಸಿಟ್ಟಿನ ಮಾತು, ಒಂದು ನೋಟ ಕೂಡ —

ಬಂತೇನೇ, ಅಮ್ಮ. ಬಂತಮ್ಮ. ಎಷ್ಟು. ಹನ್ನೊಂದು. ನಂಗೊತ್ತಿತ್ತು, ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು, ನನ್ನ ಮಗಳು ಸುಳ್ಳು ಹೇಳೋಳಲ್ಲ, ನಾಳೇನೇ ಹೋಗಿ ಅವರ ಮುಂದೆ ಇಡು, ಹಾಗಾದ್ರೆ ಅವತ್ತು ಅದನ್ನ ಮುಟ್ಟಿ ಕೆಡಿಸಿದ್ದು ಯಾರೇ. ಯಾರು ಅಂದರೆ — ಶುಕ್ರವಾರ ಒಂಬತ್ತು ಐದಕ್ಕೆ ಅವಳು ಒರೆಸುವ ಬಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು, ಅಕ್ಕ ಪರದೆಗೆ ಹತ್ತಿರ ಬಾಗಿದ್ದಳು, ಬಹಳ ಹೊತ್ತು ಬಾಗಿದ್ದಳು, ಆಮೇಲೆ, ಕಿಟಕಿ ತೆಗಿಯೇ ಪುಟ್ಟಿ, ಸೆಖೆ, ಅಂದಳು, ತಿರುಗಲಿಲ್ಲ, ಬೆನ್ನು, ಕೂದಲ ಗಂಟು, ಓರೆಯಾದ ಪೆನ್ಸಿಲು, ತಿರುಗಲಿಲ್ಲ, ಬೆನ್ನು, ಪೆನ್ಸಿಲು —