ಸರಾಸರಿಗೆ ಬಂದ ಜ್ವರ

“ಏ ಇವಳೇ, ಗಬ್ಬು ನಾರ್ತಾ ಇದೆ, ಕೈಯಲ್ಲಿ ಜೀವ ಇಲ್ವಾ? ಸರಿಯಾಗಿ ಉಜ್ಜು!”

ಹುಡುಗರ ಕಕ್ಕಸಿನ ನೆಲಕ್ಕೆ ಮೊಣಕಾಲೂರಿ ಆಕೆ ಉಜ್ಜುತ್ತಲೇ ಇದ್ದಳು. ಹೆಡ್‌ಮಾಸ್ಟರು ಮೂಗಿಗೆ ಕರ್ಚೀಫು ಒತ್ತಿಕೊಂಡು ಬಾಗಿಲಾಚೆ ನಿಂತಿದ್ದರು. ಅವರು ಇಲ್ಲಿಯವರೆಗೆ ಪಾದ ಬೆಳೆಸಿದ್ದೇ ಹೆಚ್ಚು.

“ನಾಳೆ ನಿನ್ನ ಮಗಳಿಗೆ ಜ್ವರ,” ಎಂದರು.

“ಅಯ್ಯೋ, ಬೆಳಿಗ್ಗೆ ಗುಂಡುಕಲ್ಲಿನ ಹಾಗಿದ್ಲಲ್ಲ ಸಾ?”

“ಇವತ್ತು ಹಾಗೇ ಇರ್ಲಿ, ಯಾರು ಬೇಡ ಅಂದ್ರು? ನಾಳೆ ಜ್ವರ. ನಾಡಿದ್ದು ವಾಸಿಯಾಗುತ್ತೆ.”

ನಾಳೆ ಎಲ್ಲ ಶಾಲೆಗಳಿಗೂ ಒಂದೇ ಪರೀಕ್ಷೆ. ಸರಿಯುತ್ತರದ ಮುಂದಿನ ಸೊನ್ನೆಯನ್ನು ಪೆನ್ಸಿಲಿನಿಂದ ತುಂಬಬೇಕು, ಯಂತ್ರ ಅಂಕ ಹಾಕುತ್ತದೆ. ಯಂತ್ರಕ್ಕೆ ಬಡವ ಬಲ್ಲಿದ ಎಂಬ ಭೇದವಿಲ್ಲ, ಅದರಷ್ಟು ನ್ಯಾಯವಂತ ಲೋಕದಲ್ಲೇ ಇಲ್ಲ ಎಂದು ಹೆಡ್‌ಮಾಸ್ಟರು ಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸಿ ಭಾಷಣ ಬಿಗಿದಿದ್ದರು. ಶಾಲೆಯ ಸರಾಸರಿ ಏರಿದರೆ ತಮಗೆ ಬಡ್ತಿ ಎಂಬುದೊಂದನ್ನು ಹೇಳಲು ಪಾಪ ಮರೆತಿದ್ದರು. ಮೋರಿಗಿಳಿಯುವವರ ಕೇರಿಯ ಮಕ್ಕಳು ಆ ಸರಾಸರಿಯ ಕಾಲು ಹಿಡಿದು ಎಳೆಯುತ್ತಾರಂತೆ. ಹಾಗಾಗಿ ಇಡೀ ಕೇರಿಗೇ ಜ್ವರ ಮಂಜೂರಾಗಿತ್ತು.

“ಅವಳು ಓದ್ತಾಳಲ್ಲ ಸಾ. ಚಿಕ್ಕಮಕ್ಕಳನ್ನ ಕೂರಿಸ್ಕೊಂಡು ಕಥೆ ಪುಸ್ತಕ ಓದಿ ಹೇಳ್ತಾಳೆ.”

“ಕಥೆ ಯಾರಿಗೆ ಬೇಕು? ಹೋದ ವಾರದ ತಾಲೀಮು ಪರೀಕ್ಷೇಲಿ ಏನು ಘನಕಾರ್ಯ ಮಾಡಿದ್ಲು ಕೇಳು. ‘ನಿಮ್ಮ ಅಡುಗೆಮನೆಗೆ ನೀರು ಎಲ್ಲಿಂದ ಬರುತ್ತದೆ?’ ನಲ್ಲಿ, ಬಾವಿ, ಕೆರೆ, ಹೊಳೆ. ಒಂದು ಸೊನ್ನೆ ತುಂಬೇ ಅಂದ್ರೆ ಪಕ್ಕದಲ್ಲಿ ಗೀಚಿದಾಳೆ, ‘ಆಚೆ ಬೀದಿಯ ಅಮ್ಮನವರು ಬೈದು ಮುಗಿಸಿದ ಮೇಲೆ ಕೊಡುತ್ತಾರೆ’ ಅಂತ. ಯಂತ್ರ ಹಾಳೇನೇ ಉಗಿದುಬಿಡ್ತು!”

“ಸುಳ್ಳೇನೂ ಬರೆದಿಲ್ವಲ್ಲ ಸಾ.”

“ನಿಜ ಆ ನಾಲ್ಕರೊಳಗೇ ಇರ್ಬೇಕು ಕಣೇ ಮುಂಡೇದೇ! ಅದಕ್ಕೇ ಪರೀಕ್ಷೆ ಅನ್ನೋದು.”

ಆಕೆ ಬಕೆಟ್ಟಿನ ನೀರನ್ನು ಬೀಸಿ ಸುರಿದಳು. ಹೆಡ್‌ಮಾಸ್ಟರು ಬೂಟು ಉಳಿಸಿಕೊಳ್ಳಲು ಹಾರಿ ಹಿಂದೆ ಸರಿದರು.

ಸಂಜೆ ಸುದ್ದಿ ಕೇಳಿದ ಮಗಳು, “ಅಮ್ಮಾ, ಹಾಗಾದ್ರೆ ನಾಳೆ ನಾನು ನರಳ್ಬೇಕಾ?” ಎಂದಳು. ಆಕೆಗೆ ನಗು ಬರಲಿಲ್ಲ. “ನರಳೋದ್ಯಾಕೆ, ಪರೀಕ್ಷೆಗೆ ಹೋಗ್ತೀಯ,” ಎಂದಳು.

“ಸುಮ್ನಿರೇ, ಇರೋ ಕೆಲಸಾನೂ ಹೋಗುತ್ತೆ,” ಎಂದ ಗಂಡ, ಉಗುರುಸಂದಿಯ ಮೋರಿಯ ಕೊಳೆ ಕೆರೆಯುತ್ತಾ.

“ಹೋಗ್ಲಿ, ಅವನ ಹೆಣ ಎತ್ತ! ಕಕ್ಕಸು ತೊಳೆಯೋಕೆ ನಾನು ಯಾವ ಪರೀಕ್ಷೆ ಪಾಸು ಮಾಡಿದ್ದೆ?” ಎಂದವಳೇ ಎದ್ದು ಕೇರಿಯ ಮನೆಮನೆಯ ಬಾಗಿಲು ಬಡಿದಳು.

ಬೆಳಿಗ್ಗೆ ಶಾಲೆಯ ಗೇಟಿನೊಳಗೆ ಜ್ವರದ ಮಕ್ಕಳೆಲ್ಲ ತಲೆ ಬಾಚಿಕೊಂಡು ಬಂದು ನಿಂತಿದ್ದರು, ಹಿಂದೆ ತಾಯಂದಿರು. ಪರೀಕ್ಷೆ ನಡೆಸಲು ಬಂದಿದ್ದ ಅಧಿಕಾರಿ ಹುಬ್ಬೇರಿಸಿದ.

“ಕೇರಿ ಮಕ್ಕಳು ಸಾರ್. ಕೆಟ್ಟ ಜ್ವರ, ಅಂಟುತ್ತೆ,” ಎಂದು ಹೆಡ್‌ಮಾಸ್ಟರು ಅವನ ಕಿವಿಯಲ್ಲಿ ಉಸುರಿದರು.

“ಹೌದು ಸಾ,” ಎಂದಳು ಆಕೆ ಗಟ್ಟಿಯಾಗಿ. “ಬರೋಕೆ ಮುಂಚೇನೇ ಕಂಡುಹಿಡಿದ್ರು, ಭಾರೀ ಡಾಕ್ಟ್ರು ಇವ್ರು. ನೀವೂ ಒಂದ್ಸಲ ಹಣೆ ಮುಟ್ಟಿ ನೋಡ್ಬಿಡಿ.”

ಮಗಳು ಮುಂದೆ ಬಂದು ಮುಖವೆತ್ತಿ ನಿಂತಳು. ಅಧಿಕಾರಿಯ ಕೈ ಜೇಬಿಗಿಳಿಯಿತು. ಮೇಷ್ಟರುಗಳು ಒಬ್ಬರ ಬೆನ್ನಿಗೊಬ್ಬರು ಸರಿದರು.

“ಯಾರೂ ಮುಟ್ಟಲ್ವಾ? ಹಾಗಾದ್ರೆ ನಡೀರೋ ಒಳಗೆ,” ಎಂದಳು ಆಕೆ.

ಮಕ್ಕಳು ದಡದಡ ನುಗ್ಗಿ ಮುಂದಿನ ಬೆಂಚುಗಳಲ್ಲಿ ಒತ್ತಿಕೊಂಡು ಕೂತರು.

“ಎಬ್ಬಿಸಿ ಆಚೆ ಹಾಕ್ರೀ!” ಅಧಿಕಾರಿ ಹಲ್ಲು ಕಚ್ಚಿದ. ಹೆಡ್‌ಮಾಸ್ಟರು ಮೇಷ್ಟರನ್ನು ನೋಡಿದರು, ಮೇಷ್ಟರು ಜವಾನನನ್ನು ನೋಡಿದರು, ಜವಾನ ಸೂರು ನೋಡಿದ. ಆಚೆ ಹಾಕಬೇಕೆಂದರೆ ತೋಳು ಹಿಡಿಯಬೇಕಲ್ಲ.

ಗಂಟೆ ಹೊಡೆಯಿತು. ಹಾಳೆಗಳ ಕಟ್ಟನ್ನು ಎದೆಗವಚಿಕೊಂಡು ಮೇಷ್ಟರು ನಿಂತೇ ಇದ್ದರು. ಮಗಳು ಕೈ ಚಾಚಿದಳು.

“ಸಾರ್, ನಂಗಿನ್ನೂ ಪೇಪರ್ ಕೊಟ್ಟಿಲ್ಲ.”